ಗಣಿತದ ಮೇಷ್ಟ್ರು ಆರ್ಟ್ ಗ್ಯಾಲರಿಗೆ ಹೋದಾಗ

ನಾನು ಗಣಿತದ ಮೇಷ್ಟ್ರು. ಡ್ರಾಯಿಂಗ್ ಟೀಚರ್‌ಗೆ ಜ್ವರ ಬಂತು. ಏಳನೇ ತರಗತಿಯ 36 ಮಕ್ಕಳನ್ನು ಆರ್ಟ್ ಗ್ಯಾಲರಿಗೆ ಕರೆದೊಯ್ಯುವ ಕೆಲಸ ನನ್ನ ತಲೆಗೆ ಬಿತ್ತು. ಗೊಣಗಿಕೊಂಡೇ ಹೋದೆ.

ಬಾಗಿಲಲ್ಲೇ ಪೆನ್ನು ಇಸಿದುಕೊಂಡು ಪೆನ್ಸಿಲ್ ಕೊಟ್ಟರು. ಸರಿ, ಚಿತ್ರಕ್ಕೆ ಇಂಕು ತಾಗಿದರೆ ಹೋಗಲ್ಲ ಅಲ್ವಾ. ಆದರೆ ಜೊತೆಗೆ ಒಂದು ವರ್ಕ್‌ಶೀಟ್ ಕೊಟ್ಟರು ನೋಡಿ, ಅಲ್ಲಿ ಕೆಟ್ಟಿತು. ಯಾರು ಬರೆದದ್ದು, ಯಾವ ಇಸವಿ ಅಂತ 15 ಪ್ರಶ್ನೆ. ಉತ್ತರವೆಲ್ಲ ಚಿತ್ರದ ಪಕ್ಕದ ಚೀಟಿಯಲ್ಲೇ ಇದೆ. ಮಕ್ಕಳು ಚೀಟಿಯಿಂದ ಚೀಟಿಗೆ ಓಡಿದರೇ ಹೊರತು ಚಿತ್ರದ ಕಡೆ ಕತ್ತೆತ್ತಲಿಲ್ಲ. ಅಷ್ಟು ಮಕ್ಕಳಿಗೆ ಒಬ್ಬರೇ ಗೈಡ್ ಬೇರೆ. ಹಿಂದೆ ನಿಂತವರಿಗೆ ಏನೂ ಕೇಳಿಸಲಿಲ್ಲ.

ಜಲವರ್ಣದ ಕೋಣೆ ಮಬ್ಬಾಗಿತ್ತು. "ಕರೆಂಟ್ ಹೋಗಿದ್ಯಾ?" ಅಂದ ಒಬ್ಬ. ಗೈಡ್ ನಕ್ಕು, ವರ್ಕ್‌ಶೀಟ್ ಪಕ್ಕಕ್ಕಿಡಿ ಅಂದರು. ಬೆಳಕು ಬಿದ್ದಷ್ಟೂ ಬಣ್ಣ ಮಾಸುತ್ತದೆ, ಮಾಸಿದ್ದು ವಾಪಸ್ ಬರಲ್ಲ. ಅದಕ್ಕೇ ಇಲ್ಲಿ ಬೆಳಕು 50 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಆಸುಪಾಸು. 50 ಲಕ್ಸ್‌ನಲ್ಲಿ ನಾಲ್ಕು ಗಂಟೆ, 200 ಲಕ್ಸ್‌ನಲ್ಲಿ ಒಂದು ಗಂಟೆ: ಹಾನಿ ಹೆಚ್ಚುಕಮ್ಮಿ ಒಂದೇ. ವಿಲೋಮ ಅನುಪಾತಕ್ಕೆ ಇಷ್ಟು ಒಳ್ಳೆ ಉದಾಹರಣೆ ನನಗೆ ಇಷ್ಟು ವರ್ಷದಲ್ಲಿ ಹೊಳೆದಿರಲಿಲ್ಲ.

ಆಮೇಲೆ ಒಂದೇ ಚಿತ್ರದ ಮುಂದೆ ಎಲ್ಲರನ್ನೂ ಕೂರಿಸಿದರು. ಇಲ್ಲಿ ಏನು ನಡೀತಿದೆ? ಏನು ನೋಡಿ ಹಾಗೆ ಅಂದೆ? ಇನ್ನೇನು ಕಾಣ್ತಿದೆ? ಇಷ್ಟೇ ಪ್ರಶ್ನೆ. ನನ್ನ ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು, "ಮಳೆ ಈಗಷ್ಟೇ ನಿಂತಿದೆ" ಅಂದಳು. ಹೇಗೆ? "ನೆಲದಲ್ಲಿ ಬಾಗಿಲು ತಲೆಕೆಳಗಾಗಿ ಕಾಣ್ತಿದೆ, ಆದ್ರೆ ಕೊಡೆ ಎಲ್ಲಾ ಮಡಚಿದೆ." ನಾನು ಆ ಚಿತ್ರದಲ್ಲಿ ಕೊಡೆ ಇರುವುದನ್ನೇ ನೋಡಿರಲಿಲ್ಲ.

ಕೊನೆಗೆ ಅಚ್ಚಿನ ಕಾರ್ಯಾಗಾರ. ಮೆತ್ತನೆ ರಬ್ಬರ್ ಹಾಳೆಯಲ್ಲಿ ಕೆತ್ತಿ, ರೋಲರ್‌ನಿಂದ ಇಂಕು ಬಳಿದು, ಕಾಗದ ಒತ್ತುವುದು. ಕೆತ್ತಿದ ಜಾಗ ಬಿಳಿಯಾಗಿ ಉಳಿಯುತ್ತದೆ. ಒಬ್ಬ ನಾಲಿಗೆ ಕಚ್ಚಿಕೊಂಡು 'ರಂಗು' ಅಂತ ಕೆತ್ತಿದ. ಕಾಗದ ಎತ್ತಿದರೆ ಬಲದಿಂದ ಎಡಕ್ಕೆ, ಎಲ್ಲ ಉಲ್ಟಾ! ಮಧ್ಯದ ಸೊನ್ನೆ ಒಂದೇ ಇದ್ದ ಹಾಗೇ ಇತ್ತು. "ಸಾರ್, ಸೊನ್ನೆ ಯಾಕೆ ತಿರುಗಲಿಲ್ಲ?" ಅಂತ ಅವನೇ ಕೇಳಿದ, ಉತ್ತರವನ್ನೂ ಅವನೇ ಹೇಳಿದ. ಸಮಮಿತಿ ಪಾಠಕ್ಕೆ ನಾನು ಬೋರ್ಡಿನ ಮೇಲೆ ಸುಮ್ನೆ ಐದು ಪೀರಿಯಡ್ ಕಳೆದಿದ್ದೆ. ಆದರೆ ಇದಕ್ಕೆ ಕೊಟ್ಟಿದ್ದು ಬರೀ 25 ನಿಮಿಷ. ಅರ್ಧ ಮಕ್ಕಳಿಗೆ ಎರಡನೇ ಅಚ್ಚು ತೆಗೆಯಲು ಆಗಲೇ ಇಲ್ಲ.

ಹೋಗುವವರು ಮೊದಲೇ ಫೋನ್ ಮಾಡಿ ಮೂರು ವಿಷಯ ಕೇಳಿ. ಮಕ್ಕಳನ್ನು ಎರಡು ಮೂರು ಗುಂಪು ಮಾಡ್ತೀರಾ, ವರ್ಕ್‌ಶೀಟ್ ಬಿಟ್ಟುಬಿಡಬಹುದಾ, ಅಚ್ಚಿಗೆ ಒಂದು ಗಂಟೆ ಕೊಡ್ತೀರಾ. ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಮುಂದಿನ ಸಲ ಡ್ರಾಯಿಂಗ್ ಟೀಚರ್‌ಗೆ ಜ್ವರ ಬರದಿದ್ದರೂ ನಾನೇ ಹೋಗುವುದು ಅಂತ ಈಗಲೇ ಹೇಳಿಟ್ಟಿದ್ದೇನೆ.