ಜೂನಿಯರ್ ಗ್ರ್ಯಾನ್ ಪ್ರಿ ಉಚಿತ ನೇರಪ್ರಸಾರ: ಅಂಕಗಳನ್ನು ಓದಲು ಕಲಿಸುವ ಸೇವೆ

ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು, ಅಂದರೆ ಐಎಸ್‌ಯು, ತನ್ನ ಜೂನಿಯರ್ ಗ್ರ್ಯಾನ್ ಪ್ರಿ ಫಿಗರ್ ಸ್ಕೇಟಿಂಗ್ ಸರಣಿಯನ್ನು ಯೂಟ್ಯೂಬ್‌ನಲ್ಲಿ ಉಚಿತವಾಗಿ ನೇರಪ್ರಸಾರ ಮಾಡುತ್ತದೆ. ಇದಕ್ಕೆ ಚಂದಾ ಕಟ್ಟಬೇಕಾಗಿಲ್ಲ. ಸ್ಪರ್ಧೆ ಮುಗಿದ ಮೇಲೆ ಒಬ್ಬೊಬ್ಬರ ಪ್ರದರ್ಶನವನ್ನು ಬೇರೆ ಬೇರೆ ವಿಡಿಯೊಗಳಾಗಿಯೂ ಹಾಕುತ್ತಾರೆ. ಬೆಂಗಳೂರಿನಲ್ಲಿ ಕುಳಿತು ನಾನು ಮತ್ತು ನನ್ನ ಅಕ್ಕನ ಮಗಳು ಕೆಲವು ವರ್ಷಗಳಿಂದ ಇದನ್ನು ತಪ್ಪದೆ ನೋಡುತ್ತಿದ್ದೇವೆ. ಅವಳು ಮಂಜುಗಡ್ಡೆಯ ಮೇಲೆ ಎಂದೂ ಕಾಲಿಟ್ಟವಳಲ್ಲ; ರೋಲರ್ ಸ್ಕೇಟ್ ಕಟ್ಟಿಕೊಂಡು ಆರ್ಟಿಸ್ಟಿಕ್ ವಿಭಾಗದಲ್ಲಿ ಅಭ್ಯಾಸ ಮಾಡುವವಳು. ಆದರೆ ಗಾಲಿಗಳ ಮೇಲಿನ ಆಕ್ಸೆಲ್, ಲಟ್ಜ್, ಸಾಲ್ಕೋ ಜಿಗಿತಗಳ ಹೆಸರುಗಳೂ ಅವೇ, ರೋಲ್‌ಆರ್ಟ್ ಎಂಬ ಅಲ್ಲಿನ ಅಂಕಪದ್ಧತಿಯೂ ಮಂಜಿನ ಮೇಲಿನ ಪದ್ಧತಿಯ ಮಾದರಿಯಲ್ಲಿಯೇ ರೂಪುಗೊಂಡದ್ದು. ಹೀಗಾಗಿ ಈ ಪ್ರಸಾರ ನಮ್ಮ ಮನೆಯಲ್ಲಿ ಮನರಂಜನೆಗಿಂತ ಹೆಚ್ಚಾಗಿ ಪಾಠದ ಸ್ಥಾನವನ್ನು ಪಡೆದಿದೆ.

ಪಾಠದ ಅಗತ್ಯ ಏಕೆ ಬಂತೆಂಬುದನ್ನೂ ಹೇಳಬೇಕು. ಅವಳು ಭಾಗವಹಿಸಿದ ಒಂದು ಸ್ಥಳೀಯ ಸ್ಪರ್ಧೆಯಲ್ಲಿ ಕೊನೆಗೆ ಕೈಗೆ ಬಂದದ್ದು ಒಟ್ಟು ಅಂಕವನ್ನು ಮಾತ್ರ ಬರೆದ ಒಂದು ಚೀಟಿ. ಯಾವ ಜಿಗಿತಕ್ಕೆ ಎಷ್ಟು ಸಿಕ್ಕಿತು, ಎಲ್ಲಿ ಕಳೆದರು ಎಂಬುದು ಅದರಲ್ಲಿರಲಿಲ್ಲ. "ಚಿಕ್ಕಮ್ಮ, ನಾನು ಏನು ತಪ್ಪು ಮಾಡಿದೆ ಅಂತ ಯಾರನ್ನು ಕೇಳಬೇಕು?" ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕಿಕೊಂಡು ಹೋದವರಿಗೆ ಈ ವಾಹಿನಿ ಸಿಕ್ಕಿತು.

ಸರಣಿಯ ರಚನೆ ಸರಳ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸಾಮಾನ್ಯವಾಗಿ ಏಳು ಸ್ಪರ್ಧೆಗಳು ನಡೆಯುತ್ತವೆ, ಒಬ್ಬ ಸ್ಪರ್ಧಿಗೆ ಹೆಚ್ಚೆಂದರೆ ಎರಡರಲ್ಲಿ ಅವಕಾಶ. ಗೆದ್ದವರಿಗೆ 15, ಎರಡನೆಯವರಿಗೆ 13, ಮೂರನೆಯವರಿಗೆ 11 ಪಾಯಿಂಟ್ ಎಂಬ ಲೆಕ್ಕದಲ್ಲಿ ಮೊದಲ ಆರು ಸ್ಥಾನದವರು ಡಿಸೆಂಬರ್‌ನ ಫೈನಲ್‌ಗೆ ಹೋಗುತ್ತಾರೆ. ರೀಗಾ, ಗ್ಡಾನ್ಸ್ಕ್‌ಗಳಂತಹ ಯುರೋಪಿನ ಊರುಗಳಲ್ಲಿ ಸ್ಪರ್ಧೆ ನಡೆದರೆ ನಮಗೆ ಮಧ್ಯಾಹ್ನದಿಂದ ರಾತ್ರಿಯವರೆಗೆ ನೋಡಲು ಅನುಕೂಲ. ಅಮೆರಿಕದಲ್ಲಾದರೆ ಬೆಳಗಿನ ಜಾವ ಏಳಬೇಕು.

ಈ ಸೇವೆಯ ನಿಜವಾದ ಬೆಲೆ ಇರುವುದು ಪರದೆಯ ಮೂಲೆಯಲ್ಲಿ ಕಾಣುವ ಚಿಕ್ಕ ಪೆಟ್ಟಿಗೆಯಲ್ಲಿ. ಸ್ಪರ್ಧಿಯು ಒಂದೊಂದು ಜಿಗಿತ, ಒಂದೊಂದು ಸ್ಪಿನ್ ಮುಗಿಸಿದಂತೆ ತಾಂತ್ರಿಕ ಅಂಕ ಅಲ್ಲಿ ಏರುತ್ತಾ ಹೋಗುತ್ತದೆ, ಪಕ್ಕದಲ್ಲಿ ಆವರೆಗೆ ಮುಂದಿರುವವರ ಅಂಕವೂ ಇರುತ್ತದೆ. ಅದನ್ನು ಸ್ಪರ್ಧೆಯ ನಂತರ ಐಎಸ್‌ಯು ಪ್ರಕಟಿಸುವ ವಿವರವಾದ ಅಂಕಪಟ್ಟಿಯ ಜೊತೆಗಿಟ್ಟು ನೋಡಿದರೆ ಇಡೀ ಪದ್ಧತಿ ಬಿಡಿಸಿಟ್ಟಂತಾಗುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಗಾಳಿಯಲ್ಲಿ ಮೂರು ಸುತ್ತು ಸುತ್ತುವ ಟ್ರಿಪಲ್ ಲಟ್ಜ್‌ನ ಮೂಲಬೆಲೆ, ಅಂದರೆ ಆ ಜಿಗಿತಕ್ಕೆ ಮೊದಲೇ ಗೊತ್ತುಮಾಡಿದ ಅಂಕ, 5.90. ತೀರ್ಪುಗಾರರು ನಿರ್ವಹಣೆಯ ಗುಣಮಟ್ಟಕ್ಕೆ ಮೈನಸ್ 5ರಿಂದ ಪ್ಲಸ್ 5ರವರೆಗೆ ಅಂಕ ಕೊಡುತ್ತಾರೆ, ಪ್ರತಿಯೊಂದು ಹೆಜ್ಜೆಯೂ ಮೂಲಬೆಲೆಯ ಶೇ 10ರಷ್ಟು. ಚೊಕ್ಕವಾಗಿ ಇಳಿದು ಸರಾಸರಿ ಪ್ಲಸ್ 2 ಪಡೆದ ಹುಡುಗಿಗೆ ಅದು 7.08 ತಂದುಕೊಡುತ್ತದೆ. ಅದೇ ಜಿಗಿತದಲ್ಲಿ ಕಾಲು ಸುತ್ತಿಗಿಂತ ಹೆಚ್ಚು ಕೊರತೆಯಾದರೆ ಮೂಲಬೆಲೆ ಶೇ 80ಕ್ಕೆ, ಅಂದರೆ 4.72ಕ್ಕೆ ಇಳಿಯುತ್ತದೆ, ಅರ್ಧ ಸುತ್ತು ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾದರೆ ಅದನ್ನು ಡಬಲ್ ಲಟ್ಜ್ ಎಂದೇ ಎಣಿಸಿ 2.10ರಿಂದ ಲೆಕ್ಕ ಆರಂಭಿಸುತ್ತಾರೆ. ಇನ್ನು 11.50 ಬೆಲೆಯ ಕ್ವಾಡ್ ಲಟ್ಜ್‌ಗೆ ಧೈರ್ಯ ಮಾಡಿದ ಹುಡುಗ ಪೂರ್ತಿ ನಾಲ್ಕು ಸುತ್ತು ಸುತ್ತಿ ಬಿದ್ದನೆನ್ನಿ: ಮೈನಸ್ 5ರಿಂದ ಅರ್ಧ ಹೋಗಿ 5.75 ಉಳಿಯುತ್ತದೆ, ಬಿದ್ದುದಕ್ಕೆ ಒಟ್ಟು ಅಂಕದಿಂದ ಇನ್ನೊಂದು ಕಳೆದು 4.75 ಆಗುತ್ತದೆ. ಚೊಕ್ಕವಾದ ಟ್ರಿಪಲ್‌ಗಿಂತ ಎರಡು ಅಂಕಕ್ಕೂ ಮಿಕ್ಕಿ ಕಡಿಮೆ. ಮಕ್ಕಳ ತರಬೇತುದಾರರು ಯಾವ ಜಿಗಿತವನ್ನು ಯಾವಾಗ ಸೇರಿಸಬೇಕೆಂದು ಏಕೆ ಅಷ್ಟು ಯೋಚಿಸುತ್ತಾರೆಂಬುದು ಈ ಲೆಕ್ಕದಿಂದಲೇ ನನಗೆ ಅರ್ಥವಾಯಿತು.

ಲಟ್ಜ್‌ನ ಅಂಚಿನ ವಿಚಾರವೂ ನಮಗೆ ತಿಳಿದದ್ದು ಇಲ್ಲಿಯೇ. ಲಟ್ಜ್‌ಗೆ ಹಿಂದಕ್ಕೆ ಜಾರುತ್ತಾ ಬ್ಲೇಡಿನ ಹೊರ ಅಂಚಿನಿಂದ ನೆಗೆಯಬೇಕು, ಫ್ಲಿಪ್ ಎಂಬ ಇನ್ನೊಂದು ಜಿಗಿತಕ್ಕೆ ಒಳ ಅಂಚಿನಿಂದ. ಒಮ್ಮೆ ಅಕ್ಕನ ಮಗಳು ವಿಡಿಯೊವನ್ನು ಕಾಲು ವೇಗಕ್ಕೆ ಇಳಿಸಿ, ಒಬ್ಬ ಸ್ಪರ್ಧಿಯ ಎಡಗಾಲಿನ ಪಾದದ ಮೇಲೆ ಬೆರಳಿಟ್ಟು ತೋರಿಸಿದಳು. ಉದ್ದಕ್ಕೂ ಹೊರಗೆ ವಾಲಿಕೊಂಡೇ ಬಂದ ಪಾದ, ಬಲಗಾಲಿನ ಬ್ಲೇಡಿನ ಮುಂತುದಿಯ ಹಲ್ಲುಗಳು ಮಂಜಿಗೆ ನಾಟುವ ಕ್ಷಣದಲ್ಲಿ ಸದ್ದಿಲ್ಲದೆ ಒಳಕ್ಕೆ ಮಗುಚಿಕೊಂಡಿತು. ಅಂಕಪಟ್ಟಿಯನ್ನು ತೆರೆದಾಗ ಆ ಜಿಗಿತದ ಎದುರು ತಪ್ಪು ಅಂಚಿನ ಗುರುತು ಇತ್ತು, ಮೂಲಬೆಲೆ ಶೇ 80ಕ್ಕೆ ಇಳಿದಿತ್ತು. ತನಗೂ ಅದೇ ಚಾಳಿ ಇದೆಯೆಂದು ಅವಳು ಮರುದಿನವೇ ತನ್ನ ಕೋಚ್ ಸರ್ ಹತ್ತಿರ ಹೇಳಿ, ತಿದ್ದಿಸಿಕೊಳ್ಳಲು ಶುರುಮಾಡಿದಳು.

ಅನೇಕ ವರ್ಷ ಈ ಪ್ರಸಾರಕ್ಕೆ ವೀಕ್ಷಕ ವಿವರಣೆ ನೀಡಿದ ಕೆನಡಾದ ಟೆಡ್ ಬಾರ್ಟನ್ ಅವರನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಬಿದ್ದ ಮಗುವಿನ ಬಗ್ಗೆ ಅವರು ಎಂದೂ ಹಗುರವಾಗಿ ಮಾತನಾಡಿದ್ದನ್ನು ನಾನು ಕೇಳಿಲ್ಲ. ತಪ್ಪಿನ ಕಾರಣವನ್ನು ಹೇಳಿ, ಅದರ ಬೆನ್ನಿಗೇ ಆ ಮಗುವಿನಲ್ಲಿರುವ ಒಳ್ಳೆಯ ಅಂಶವನ್ನೂ ಎತ್ತಿ ಹೇಳುತ್ತಿದ್ದರು. ಹದಿಮೂರು ವರ್ಷದ ಮಕ್ಕಳೂ ಆಡುವ ಸ್ಪರ್ಧೆಗೆ ಇದೇ ಸರಿಯಾದ ಧ್ವನಿ.

ಇನ್ನು ಕೊರತೆಗಳು. ಪೆಟ್ಟಿಗೆಯಲ್ಲಿ ಏರುವ ಅಂಕ ತಾತ್ಕಾಲಿಕವಾದದ್ದು. ತಾಂತ್ರಿಕ ಸಮಿತಿಯು ಜಿಗಿತಗಳನ್ನು ಮರುಪರಿಶೀಲಿಸಿದ ಮೇಲೆ ಅದು ಇಳಿಯಬಹುದು. ಆದರೆ ಯಾವ ಜಿಗಿತದ ಬೆಲೆ ಏಕೆ ಇಳಿಯಿತೆಂಬುದನ್ನು ಪ್ರಸಾರ ಹೇಳುವುದೇ ಇಲ್ಲ. ಸಮಿತಿ ನೋಡಿದ ಮರುದೃಶ್ಯವನ್ನು ನಮಗೆ ತೋರಿಸುವುದಿಲ್ಲ; ನಮಗೆ ಸಿಗುವ ನಿಧಾನಗತಿಯ ದೃಶ್ಯಗಳು ಹಲವು ಬಾರಿ ಮುಖಭಾವವನ್ನೋ ಇಳಿದ ನಂತರದ ಕೈಚಾಚನ್ನೋ ಹಿಡಿದಿರುತ್ತವೆಯೇ ಹೊರತು, ಬ್ಲೇಡು ಮಂಜನ್ನು ಮುಟ್ಟಿದ ಕೋನವನ್ನಲ್ಲ. ಕಾಯುವ ಬೆಂಚಿನಲ್ಲಿ ಕುಳಿತ ಮಗು ತನ್ನ ಅಂಕ ನೋಡಿ ಮುಖ ಬಾಡಿಸಿಕೊಳ್ಳುವುದನ್ನು ಹತ್ತಿರದಿಂದ ತೋರಿಸುವ ಕ್ಯಾಮೆರಾ, ಹಾಗಾದದ್ದೇಕೆಂಬುದನ್ನೂ ಒಂದು ಸಾಲಿನಲ್ಲಿ ತೋರಿಸಬೇಕಿತ್ತು. ಇದು ಈ ಸೇವೆಯ ಬಗ್ಗೆ ನನ್ನ ಬಹುಮುಖ್ಯವಾದ ಆಕ್ಷೇಪ.

ಎರಡನೆಯ ಕೊರತೆ ಇದಕ್ಕಿಂತ ಸೂಕ್ಷ್ಮವಾದದ್ದು. ಕಣ್ಣೆದುರು ಏರುವುದು ತಾಂತ್ರಿಕ ಅಂಕವಾದ್ದರಿಂದ ನೋಡುಗರ ಮನಸ್ಸಿನಲ್ಲಿ ಜಿಗಿತಗಳೇ ಸರ್ವಸ್ವವೆಂಬ ಭಾವನೆ ಬೇರೂರುತ್ತದೆ. 2022–23ರ ಋತುವಿನಿಂದ ಕಲಾತ್ಮಕ ಅಂಕಗಳು ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಎಂಬ ಮೂರು ಅಂಶಗಳಲ್ಲಿವೆ. ಮಹಿಳೆಯರ ಎರಡನೆಯ, ದೀರ್ಘ ಪ್ರದರ್ಶನವಾದ ಫ್ರೀ ಸ್ಕೇಟ್‌ನಲ್ಲಿ ಇವುಗಳ ಮೊತ್ತವನ್ನು 2.67ರಿಂದ ಗುಣಿಸುತ್ತಾರೆ. ಅಂದರೆ ಮೂರೂ ಅಂಶಗಳಲ್ಲಿ ಅರ್ಧರ್ಧ ಅಂಕ ಹೆಚ್ಚಿದರೆ ನಾಲ್ಕು ಅಂಕ ಕೂಡುತ್ತದೆ, ಅದು 4.20 ಮೂಲಬೆಲೆಯ ಒಂದು ಟ್ರಿಪಲ್ ಟೋ ಲೂಪ್‌ಗೆ ಹತ್ತಿರ ಹತ್ತಿರ ಸಮ. ಮೊಣಕಾಲಿನ ಮೆದುವಾದ ಬಾಗುವಿಕೆ, ಅಂಚುಗಳ ಮೇಲಿನ ಹಿಡಿತ, ಸಂಗೀತವನ್ನು ಕೇಳಿಸಿಕೊಳ್ಳುವ ಗುಣ, ಇವನ್ನು ಗಳಿಸಿಕೊಂಡ ಮಗು ಬೆಳೆದು ದೊಡ್ಡದಾದ ಮೇಲೂ ಅವು ಜೊತೆಗಿರುತ್ತವೆ. ಹದಿಮೂರರ ಹಗುರ ಮೈಯಲ್ಲಿ ಸಲೀಸಾಗಿ ಬಂದ ಜಿಗಿತ ಹದಿನಾರರಲ್ಲಿ ಕೈಕೊಡಬಹುದು. ಪೆಟ್ಟಿಗೆ ಇದನ್ನು ತೋರಿಸುವುದಿಲ್ಲ. ಅಂಕಪಟ್ಟಿಯ ಕೆಳಗಿನ ಮೂರು ಸಾಲುಗಳು ತೋರಿಸುತ್ತವೆ.

ಯಾವ ಜೂನಿಯರ್ ಸ್ಪರ್ಧಿ ಮುಂದೆ ಎಲ್ಲಿಗೆ ತಲುಪಬಲ್ಲರು ಎಂಬ ಪ್ರಶ್ನೆಗೆ ಈ ವಾಹಿನಿಯ ಹಳೆಯ ವಿಡಿಯೊಗಳಷ್ಟು ಒಳ್ಳೆಯ ಆಧಾರ ಇನ್ನೊಂದಿಲ್ಲ. 2019ರ ಆಗಸ್ಟ್‌ನಲ್ಲಿ ಲೇಕ್ ಪ್ಲಾಸಿಡ್‌ನ ಜೂನಿಯರ್ ಗ್ರ್ಯಾನ್ ಪ್ರಿಯಲ್ಲಿ ಅಮೆರಿಕದ ಅಲಿಸಾ ಲಿಯು ಒಂದೇ ಫ್ರೀ ಸ್ಕೇಟ್‌ನಲ್ಲಿ ಟ್ರಿಪಲ್ ಆಕ್ಸೆಲ್ ಮತ್ತು ಕ್ವಾಡ್ ಲಟ್ಜ್ ಎರಡನ್ನೂ ಇಳಿಸಿದ ಮೊದಲ ಮಹಿಳೆಯಾದರು. 2022ರಲ್ಲಿ ಹದಿನಾರನೆಯ ವಯಸ್ಸಿಗೇ ನಿವೃತ್ತಿ ಘೋಷಿಸಿ, ಎರಡು ವರ್ಷಗಳ ನಂತರ ಮರಳಿ ಬಂದು, 2025ರಲ್ಲಿ ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಆ ಗೆಲುವಿನ ಕಾರ್ಯಕ್ರಮಗಳಲ್ಲಿ ಕ್ವಾಡ್ ಇರಲಿಲ್ಲ, ಟ್ರಿಪಲ್ ಆಕ್ಸೆಲ್ ಕೂಡ ಇರಲಿಲ್ಲ. ಎರಡೂ ಪ್ರದರ್ಶನಗಳನ್ನು ಒಂದರ ಹಿಂದೊಂದು ನೋಡಿ. ಮೊದಲನೆಯದರಲ್ಲಿ ಜಿಗಿತಗಳಿಗಾಗಿ ಕಾಯುತ್ತೇವೆ, ಎರಡನೆಯದರಲ್ಲಿ ಜಿಗಿತಗಳು ಬಂದುಹೋದದ್ದೇ ತಿಳಿಯದಷ್ಟು ನೃತ್ಯದಲ್ಲಿ ಬೆರೆತಿರುತ್ತವೆ.

ಭವಿಷ್ಯವನ್ನು ನಿರ್ಧರಿಸುವ ಇನ್ನೊಂದು ಸಂಗತಿ ವಯಸ್ಸಿನ ನಿಯಮ. ಋತುವಿಗೆ ಮುಂಚಿನ ಜುಲೈ 1ಕ್ಕೆ 13 ತುಂಬಿ 19 ತುಂಬದವರು ಸಿಂಗಲ್ಸ್‌ನಲ್ಲಿ ಜೂನಿಯರ್ ಎನಿಸಿಕೊಳ್ಳುತ್ತಾರೆ. ಸೀನಿಯರ್ ವಿಭಾಗದ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಲು ಐಎಸ್‌ಯು 2022ರ ಜೂನ್‌ನಲ್ಲಿ, 16ಕ್ಕೆ ಎದುರಾಗಿ 100 ಮತಗಳಿಂದ ತೀರ್ಮಾನಿಸಿತು. ಮಕ್ಕಳ ಮೈ ಮನಸ್ಸುಗಳ ಮೇಲಿನ ಒತ್ತಡವನ್ನು ನೋಡಿದರೆ ಈ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ಆದರೂ ಜಪಾನಿನ ಮಾವೊ ಶಿಮಾಡಾ ಅವರನ್ನು ನೆನೆದರೆ ಮನಸ್ಸು ಮರುಗುತ್ತದೆ. 2023, 2024, 2025ರಲ್ಲಿ ಸತತವಾಗಿ ಜೂನಿಯರ್ ವಿಶ್ವ ಚಾಂಪಿಯನ್ ಆದ ಅವರು ಹುಟ್ಟಿದ್ದು 2008ರ ಅಕ್ಟೋಬರ್ 30ರಂದು. 2025ರ ಜುಲೈ 1ಕ್ಕೆ 17 ತುಂಬಲು ನಾಲ್ಕು ತಿಂಗಳು ಉಳಿದಿದ್ದರಿಂದ 2026ರ ಮಿಲಾನೊ ಕೊರ್ತಿನಾ ಒಲಿಂಪಿಕ್ಸ್ ಅವರ ಪಾಲಿಗಿಲ್ಲವಾಯಿತು. ಆ ಮೂರೂ ವರ್ಷ ಅವರ ಹಿಂದೆ ಬೆಳ್ಳಿ ಗೆದ್ದ ಕೊರಿಯಾದ ಶಿನ್ ಜಿಯಾ ಹುಟ್ಟಿದ್ದು ಅದೇ 2008ರ ಮಾರ್ಚ್‌ನಲ್ಲಿ. ಅವರು ವಯಸ್ಸಿನ ಗೆರೆಯನ್ನು ದಾಟಿದ್ದರು. ಶಿಮಾಡಾ ಅವರಿಗೆ ಯಾರ ಹೆಸರನ್ನು ಇಟ್ಟರೋ ಆ ಮಾವೊ ಅಸಾದಾ ಕೂಡ 2005ರ ಗ್ರ್ಯಾನ್ ಪ್ರಿ ಫೈನಲ್ ಗೆದ್ದೂ, 87 ದಿನಗಳ ಕೊರತೆಯಿಂದ 2006ರ ಟುರಿನ್ ಒಲಿಂಪಿಕ್ಸ್‌ನಿಂದ ಹೊರಗುಳಿದವರು. 2010ರಲ್ಲಿ ವ್ಯಾಂಕೂವರ್‌ನಲ್ಲಿ ಬೆಳ್ಳಿ ಗೆದ್ದರು. ಜೂನಿಯರ್ ಪದಕದಿಂದ ಒಲಿಂಪಿಕ್ಸ್‌ವರೆಗಿನ ದಾರಿಯಲ್ಲಿ ಹುಟ್ಟಿದ ದಿನಾಂಕಕ್ಕೂ ಇಷ್ಟು ಪಾತ್ರವಿದೆ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಹೇಳುವುದು ಒಳ್ಳೆಯದು.

ಹೊಸದಾಗಿ ನೋಡುವವರು ಮೊದಲ, ಚಿಕ್ಕ ಪ್ರದರ್ಶನವಾದ ಶಾರ್ಟ್ ಪ್ರೋಗ್ರಾಂನಿಂದ ಆರಂಭಿಸಬೇಕೆಂದು ನನ್ನ ಸಲಹೆ. ಸುಮಾರು 2 ನಿಮಿಷ 40 ಸೆಕೆಂಡುಗಳ ಅದರಲ್ಲಿ ಜೂನಿಯರ್‌ಗಳಿಗೆ ಕ್ವಾಡ್ ಜಿಗಿಯಲು ಅವಕಾಶವಿಲ್ಲ, ಒಂಟಿ ಜಿಗಿತ ಯಾವುದಿರಬೇಕೆಂಬುದನ್ನೂ ಆಯಾ ಋತುವಿಗೆ ಮೊದಲೇ ಗೊತ್ತುಮಾಡಿರುತ್ತಾರೆ. ಎಲ್ಲರೂ ಒಂದೇ ಜಿಗಿತವನ್ನು ಮಾಡುವಾಗ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ಹೊಸ ಕಣ್ಣಿಗೂ ಬೇಗ ಕಾಣುತ್ತದೆ. ನಮ್ಮ ಮನೆಯಲ್ಲಿ ಅಕ್ಕನ ಮಗಳು ಪ್ರತಿ ಜಿಗಿತಕ್ಕೂ ತನ್ನ ನೋಟ್‌ಬುಕ್‌ನಲ್ಲಿ ತಾನೇ ಒಂದು ಅಂಕ ಬರೆದು, ರಾತ್ರಿ ಅಂಕಪಟ್ಟಿ ಬಂದ ಮೇಲೆ ತಾಳೆ ನೋಡುತ್ತಾಳೆ. ಮೊದಮೊದಲು ಅವಳ ಅಂಕಗಳು ತೀರ್ಪುಗಾರರ ಅಂಕಗಳಿಂದ ಎಷ್ಟೋ ದೂರ ಇರುತ್ತಿದ್ದವು. ಕಳೆದ ಋತುವಿನ ಪುಟಗಳಲ್ಲಿ ಹೆಚ್ಚಿನ ಸಾಲುಗಳ ವ್ಯತ್ಯಾಸ ಒಂದು ಹೆಜ್ಜೆಯೊಳಗೇ ಇದೆ, ಲಟ್ಜ್‌ನ ಸಾಲುಗಳ ಪಕ್ಕದಲ್ಲಿ ಮಾತ್ರ ಅವಳು ಪೆನ್ಸಿಲಿನಲ್ಲಿ "ಎಡಗಾಲು ನೋಡು" ಎಂದು ಬರೆದುಕೊಂಡಿದ್ದಾಳೆ.