ಕಪ್ಪಿನಳತೆಯ ಆಲಿವ್ ಎಣ್ಣೆ ಸೋಪು: ಮೈಗೆ ಹಚ್ಚುವ ಮುನ್ನ ಓದಿ

ಮನೆಯಲ್ಲೇ ಆಲಿವ್ ಎಣ್ಣೆ ಸೋಪು ಮಾಡಬೇಕೆಂದಿರುವವರು ದಯವಿಟ್ಟು ಗಮನಿಸಿ. ‘1 ಲೀಟರ್ ಎಣ್ಣೆ, ಅರ್ಧ ಕಪ್ ಕಾಸ್ಟಿಕ್ ಸೋಡಾ, 1 ಕಪ್ ನೀರು’ ಎಂಬ ಅಳತೆಯಲ್ಲಿ ಮಾಡಿದ ಸೋಪೊಂದು ಪರೀಕ್ಷೆಗೆಂದು ನಮ್ಮ ಕೈಗೆ ಬಂತು. (ಕಾಸ್ಟಿಕ್ ಸೋಡಾ ಎಂದರೆ ಎಣ್ಣೆಯನ್ನು ಸೋಪಾಗಿಸುವ, ಮೈ ಸುಡುವಷ್ಟು ತೀಕ್ಷ್ಣವಾದ ಕ್ಷಾರ.) ಮೇಲ್ನೋಟಕ್ಕೆ ಏನೂ ದೋಷವಿಲ್ಲ, ಬೆಳ್ಳಗೆ, ಗಟ್ಟಿಯಾಗಿತ್ತು. ಆದರೆ ಅದರಲ್ಲಿ ಕೈ ತೊಳೆದವರ ಬೆರಳ ಸಂದಿ ಉರಿದು ಕೆಂಪಾಗಿತ್ತು. ಚಾಕು ಇಟ್ಟರೆ ಹೋಳಾಗದೆ ಪುಡಿಪುಡಿಯಾಗಿ ಉದುರಿತು. ಒಳಗೆಲ್ಲ ಸಾಸಿವೆ ಕಾಳಿನಷ್ಟು ಗುಳಿಗಳು, ಗುಳಿಯೊಳಗೆ ಪಸೆ. ಆ ಪಸೆಯೇ ಎಣ್ಣೆಯ ಜೊತೆ ಸೇರದೆ ಉಳಿದ ಕಾಸ್ಟಿಕ್ ಸೋಡಾ ನೀರು.

ಲೆಕ್ಕ ಹಾಕಿದರೆ ಕಾರಣ ತಾನೇ ಕಾಣುತ್ತದೆ. 1 ಗ್ರಾಂ ಆಲಿವ್ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 0.134 ಗ್ರಾಂ ಕಾಸ್ಟಿಕ್ ಸೋಡಾ ಬೇಕು. 1 ಲೀಟರ್ ಎಣ್ಣೆ ಎಂದರೆ 1000 ಗ್ರಾಂ ಅಲ್ಲ, 915 ಗ್ರಾಂ ಆಸುಪಾಸು. ಅದಕ್ಕೆ ಹಿಡಿಯುವುದು ಹೆಚ್ಚೆಂದರೆ 123 ಗ್ರಾಂ. ಅದೇ ಕಪ್ಪಿಗೆ ಅದೇ ಡಬ್ಬಿಯ ಸೋಡಾವನ್ನು ಅರ್ಧದವರೆಗೆ ತುಂಬಿ ತೂಗಿದಾಗ ಬಂದದ್ದು 140 ಗ್ರಾಂ! ಅಲ್ಲಿಗೆ 17 ಗ್ರಾಂ ಕ್ಷಾರ ಸೋಪಿನೊಳಗೇ ಉಳಿಯಿತು. ಕಾಸ್ಟಿಕ್ ಸೋಡಾ ಚಕ್ಕೆಚಕ್ಕೆಯಾಗಿಯೂ ಸಿಗುತ್ತದೆ, ಮಣಿಮಣಿಯಾಗಿಯೂ ಸಿಗುತ್ತದೆ. ಒಂದೇ ಕಪ್ಪಿನಲ್ಲಿ ಎರಡರ ತೂಕ ಒಂದೇ ಆಗುವುದಿಲ್ಲ. ಹಾಗಾಗಿ ಕಪ್ಪು, ಚಮಚ, ಲೀಟರಿನಲ್ಲಿ ಬರೆದ ಸೋಪಿನ ವಿಧಾನ ಯಾರೇ ಕೊಟ್ಟಿರಲಿ, ಅದನ್ನು ಮುಟ್ಟಬೇಡಿ.

‘ಆರು ವಾರ ಒಣಗಲು ಬಿಟ್ಟರೆ ಸರಿಹೋಗುತ್ತದೆ’ ಎಂಬ ಮಾತನ್ನು ಬಹಳ ಜನ ನಂಬಿದ್ದಾರೆ. ಸರಿಹೋಗುವುದಿಲ್ಲ. ಒಣಗುವಾಗ ಮುಖ್ಯವಾಗಿ ಹೋಗುವುದು ನೀರು. ಸೇರಲು ಎಣ್ಣೆಯೇ ಇಲ್ಲದ ಕ್ಷಾರ ಒಳಗೆ ಹಾಗೇ ಕೂತಿರುತ್ತದೆ. ಸೋಪಿನ ಮೇಲೆ ತೆಳ್ಳಗೆ ಬರುವ ಬಿಳಿ ಪುಡಿಗೆ ಮಾತ್ರ ಹೆದರಬೇಕಿಲ್ಲ. ಅದು ಸಾಮಾನ್ಯವಾಗಿ ಗಾಳಿ ತಾಗಿ ಆದ ಸೋಡಾ ಬೂದಿ, ಒರೆಸಿದರೆ ಹೋಗುತ್ತದೆ. ಒಳಗೆ ಪಸೆ ಇದೆಯೇ ಎಂಬುದನ್ನೇ ನೋಡಬೇಕು.

ಸರಿಯಾದ ಅಳತೆ ಇದು: ಆಲಿವ್ ಎಣ್ಣೆ 1000 ಗ್ರಾಂ, ಕಾಸ್ಟಿಕ್ ಸೋಡಾ 127 ಗ್ರಾಂ, ನೀರು 255 ಗ್ರಾಂ. ಇದರಲ್ಲಿ ಶೇ. 5ರಷ್ಟು ಎಣ್ಣೆ ಸೋಪಾಗದೆ ಉಳಿಯುತ್ತದೆ. ತೂಕದ ಸಣ್ಣಪುಟ್ಟ ವ್ಯತ್ಯಾಸವನ್ನು ತಡೆದುಕೊಳ್ಳುವುದು ಆ ಉಳಿಕೆಯೇ. ‘ಮೊದಲ ಸಲ ಸ್ವಲ್ಪವೇ ಮಾಡೋಣ’ ಎಂದು 200 ಗ್ರಾಂ ಎಣ್ಣೆ ತೆಗೆದುಕೊಂಡರೆ ಬೇಕಾಗುವ ಸೋಡಾ 25 ಗ್ರಾಂ ಚಿಲ್ಲರೆ. ತಕ್ಕಡಿ 2 ಗ್ರಾಂ ಆಚೀಚೆ ತೋರಿಸಿದರೂ ಸೋಪು ಕೆಟ್ಟಿತು. 500 ಗ್ರಾಮಿಗಿಂತ ಕಡಿಮೆ ಎಣ್ಣೆಯಲ್ಲಿ ಮಾಡಬೇಡಿ. ಎಣ್ಣೆ ಬದಲಿಸಿದರೆ ಲೆಕ್ಕವೂ ಬದಲಾಗುತ್ತದೆ. ತೆಂಗಿನೆಣ್ಣೆಗೆ ಗ್ರಾಮಿಗೆ 0.183ರಷ್ಟು ಸೋಡಾ ಬೇಕು. ಆ ಅಳತೆಯನ್ನು ಆಲಿವ್ ಎಣ್ಣೆಗೆ ಹಾಕಿದರೆ ಕೆಜಿಗೆ ಸುಮಾರು 50 ಗ್ರಾಂ ಹೆಚ್ಚಾಗುತ್ತದೆ.

ಪಾತ್ರೆ ಸ್ಟೀಲಿನದೇ ಇರಲಿ. ಅಲ್ಯೂಮಿನಿಯಂ ಪಾತ್ರೆಗೆ ಕಾಸ್ಟಿಕ್ ಸೋಡಾ ನೀರು ಬಿದ್ದರೆ ಬುಸ್ಸೆಂದು ನೊರೆಯೆದ್ದು ಹೈಡ್ರೋಜನ್ ಅನಿಲ ಬರುತ್ತದೆ, ಪಾತ್ರೆ ಸವೆಯುತ್ತದೆ, ಹತ್ತಿರ ಬೆಂಕಿ ಇದ್ದರೆ ಹೊತ್ತಿಕೊಳ್ಳಬಹುದು. ಕಟ್ಟಿದ ಪೈಪು ಬಿಡಿಸುವ ಕೆಲವು ಪುಡಿಗಳಲ್ಲಿ ಕಾಸ್ಟಿಕ್ ಸೋಡಾ ಜೊತೆ ಅಲ್ಯೂಮಿನಿಯಂ ಚೂರುಗಳೂ ಇರುತ್ತವೆ, ಅವು ಸೋಪಿಗೆ ಬೇಡವೇ ಬೇಡ. ನೀರಿಗೆ ಸೋಡಾ ಹಾಕಿ, ಸೋಡಾದ ಮೇಲೆ ನೀರು ಸುರಿಯಬೇಡಿ. ಕುದಿದು ಮುಖಕ್ಕೆ ಸಿಡಿಯುತ್ತದೆ. ಕಲಸುವಾಗ ನೀರು 80–90 ಡಿಗ್ರಿಗೆ ಏರುತ್ತದೆ, ಆದ್ದರಿಂದ ತಣ್ಣೀರನ್ನೇ ಬಳಸಿ. ಕನ್ನಡಕ, ರಬ್ಬರ್ ಕೈಗವಸು, ತೆರೆದ ಕಿಟಕಿ ಇಲ್ಲದೆ ಶುರು ಮಾಡಲೇಬೇಡಿ. ಮೈಮೇಲೆ ಬಿದ್ದರೆ ವಿನೆಗರ್ ಹುಡುಕುತ್ತಾ ಸಮಯ ಕಳೆಯದೆ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೂ ಹಾಗೆಯೇ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ.

ಆಲಿವ್ ಎಣ್ಣೆ ಬೇಗ ಗಟ್ಟಿಯಾಗುವುದಿಲ್ಲ. ಎಷ್ಟು ಕಲಸಿದರೂ ನೀರು ನೀರಾಗೇ ಇದೆಯೆಂದು ಇನ್ನೊಂದು ಚಮಚ ಸೋಡಾ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಎಣ್ಣೆ, ಸೋಡಾ ನೀರು ಎರಡೂ 40 ಡಿಗ್ರಿ ಆಸುಪಾಸಿನಲ್ಲಿರುವಾಗ ಸೇರಿಸಿ, ಸ್ಟಿಕ್ ಬ್ಲೆಂಡರನ್ನು ಬಿಟ್ಟು ಬಿಟ್ಟು ಓಡಿಸಿ. ಚಮಚದಿಂದ ಸುರಿದ ಗೆರೆ ಮೇಲೆಯೇ ಕರಗದೆ ನಿಂತಾಗ ಅಚ್ಚಿಗೆ ಹೊಯ್ಯಿರಿ.

ಕೆಟ್ಟ ಸೋಪನ್ನು ಉಳಿಸಬಹುದೇ? ತೂಕ ಗೊತ್ತಿದ್ದರೆ ಮಾತ್ರ. ಮೇಲಿನ ಸೋಪಿನಲ್ಲಿ 140 ಗ್ರಾಂ ಸೋಡಾಕ್ಕೆ, ಶೇ. 5ರ ಉಳಿಕೆಯೂ ಸೇರಿ, ಒಟ್ಟು ಸುಮಾರು 1100 ಗ್ರಾಂ ಎಣ್ಣೆ ಬೇಕಿತ್ತು. ಕೈಗವಸು ಹಾಕಿ ಪೂರ್ತಿ ತುರಿದು, ಸ್ವಲ್ಪ ನೀರು ಮತ್ತು ಕಡಿಮೆಬಿದ್ದ 185 ಗ್ರಾಂ ಎಣ್ಣೆ ಸೇರಿಸಿ, ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಒಂದೇ ಹದ ಬರುವವರೆಗೆ ಕಲಸಿ, ಮತ್ತೆ ಅಚ್ಚಿಗೆ ಹಾಕಬೇಕು. ಒಣಗಿದ ಮೇಲೆ ಫಿನಾಲ್ಫ್ತಲೀನ್ (ಕ್ಷಾರ ತಾಗಿದರೆ ಗುಲಾಬಿಯಾಗುವ ಪರೀಕ್ಷಾ ದ್ರವ) ಹನಿ ಹಾಕಿ ನೋಡಿ. ಗಾಢ ಗುಲಾಬಿ ಬಣ್ಣ ಬಂದರೆ ಬಳಸಬೇಡಿ. ತೂಕವೇ ಗೊತ್ತಿಲ್ಲದಿದ್ದರೆ ಎಸೆಯುವುದೇ ಸರಿ. ಅದಕ್ಕೇ ಎಣ್ಣೆ ಎಷ್ಟು ಗ್ರಾಂ, ಸೋಡಾ ಎಷ್ಟು ಗ್ರಾಂ, ಮಾಡಿದ ತಾರೀಖು ಯಾವುದು ಎಂದು ಚೀಟಿ ಬರೆದು ಪ್ರತಿ ಅಚ್ಚಿಗೂ ಅಂಟಿಸಿಡಿ.