ಲ್ಯಾಂಪ್ಸ್ ಸಂಘವೋ, ಉತ್ಪಾದಕರ ಕಂಪನಿಯೋ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರಂತೆ ಕಾಡಿನ ಜೇನು, ನೆಲ್ಲಿ, ಸೀಗೆಗಳನ್ನು ಒಟ್ಟಾಗಿ ಮಾರಲು ಹೊರಟವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ: ಆದಿವಾಸಿಗಳ ದೊಡ್ಡ ವಿವಿಧೋದ್ದೇಶ ಸಹಕಾರ ಸಂಘವಾದ ಲ್ಯಾಂಪ್ಸ್, ಇಲ್ಲವೇ ಉತ್ಪಾದಕರೇ ಸದಸ್ಯರಾಗಿ ಕಂಪನಿ ಕಾಯ್ದೆಯಡಿ ಕಟ್ಟುವ ಉತ್ಪಾದಕರ ಕಂಪನಿ. ಇಂಥ ಕಿರು ಅರಣ್ಯ ಉತ್ಪನ್ನದ ಮೇಲೆ ಅರಣ್ಯವಾಸಿಗಳ ಒಡೆತನವನ್ನು 2006ರ ಅರಣ್ಯ ಹಕ್ಕು ಕಾಯ್ದೆಯೇ ಮಾನ್ಯ ಮಾಡಿರುವುದರಿಂದ ಉಳಿಯುವ ಪ್ರಶ್ನೆ ಮಾರಾಟದ ಸ್ವರೂಪದ್ದು.

ಸಹಕಾರ ಕಾಯ್ದೆಯಡಿಯ ಲ್ಯಾಂಪ್ಸ್ ಸಂಘದಲ್ಲಿ ಸರ್ಕಾರದ ನೆರವು ಸುಲಭ, ಆದರೆ ಅಧಿಕಾರಿಗಳ ಮಾತಿಗೆ ತೂಕ ಹೆಚ್ಚು. ಉತ್ಪಾದಕರ ಕಂಪನಿಗೆ ಹತ್ತು ಮಂದಿ ಉತ್ಪಾದಕರು ಸಾಕು; ಒಬ್ಬರಿಗೆ ಒಂದೇ ಮತವೆಂಬ ನಿಯಮ ಅಲ್ಲಿಯೂ ಇದೆ, ಹೊರಗಿನ ಬಂಡವಾಳಗಾರರು ಷೇರು ಕೊಳ್ಳುವಂತಿಲ್ಲ. ಲೆಕ್ಕಪರಿಶೋಧನೆ, ವಾರ್ಷಿಕ ವರದಿಗಳ ಖರ್ಚು ಮಾತ್ರ ಸಣ್ಣ ಗುಂಪನ್ನು ಹೈರಾಣಾಗಿಸಬಲ್ಲದು.

ಜೇನಿನ ತೇವಾಂಶ ಶೇ. 20 ಮೀರಬಾರದೆಂಬ ಮಾನದಂಡಕ್ಕಾಗಿ ತೇವಾಂಶ ತಗ್ಗಿಸುವ, ಪರೀಕ್ಷಿಸುವ ವ್ಯವಸ್ಥೆ ಎರಡರಲ್ಲೂ ಬೇಕು. ಸ್ವಂತ ಬ್ರ್ಯಾಂಡ್ ಕಟ್ಟುವ ಹಂಬಲವೂ ಲೆಕ್ಕ ಬಲ್ಲ ಯುವಕರೂ ಇದ್ದರೆ ಕಂಪನಿಯೇ ಮೇಲು. ಇಲ್ಲದಿದ್ದರೆ, ಇರುವ ಸಂಘದ ಆಡಳಿತ ಮಂಡಳಿಯನ್ನು ಸಂಗ್ರಾಹಕರೇ ಹಿಡಿಯುವುದು ಜಾಣತನ.